ಲೈನ್‌ಮನ್ ಬೆನ್ನಿನ ಕೆಂಪು ಪಟ್ಟಿ

ಫಿಸಿಯೋಥೆರಪಿ ಓದಿ ಹೊಸದಾಗಿ ಆಸ್ಪತ್ರೆಗಳಿಗೆ ಸೇರುವ ಹುಡುಗ ಹುಡುಗಿಯರು ಈಗಲೂ ನನಗೆ ಫೋನು ಮಾಡುತ್ತಾರೆ. ‘ಸಾರ್, ಏನಾದ್ರೂ ಟಿಪ್ಸ್ ಕೊಡಿ’ ಅನ್ನುತ್ತಾರೆ. ನಾನು ಕೊಡುವ ಮೊದಲ ಸಲಹೆ ಇದು: ದಿಂಬಿನ ಬೀರುವನ್ನು ಕೋಣೆಯ ಆ ತುದಿಗೆ ಇಡಿ. ಮುದುಕನಿಗೆ ನಿವೃತ್ತಿಯ ಬಿಸಿಲು ತಲೆಗೇರಿದೆ ಎಂದುಕೊಂಡು, ‘ಓಕೆ ಸಾರ್, ಥ್ಯಾಂಕ್ಸ್ ಸಾರ್’ ಎಂದು ಮೆಲ್ಲಗೆ ಇಟ್ಟುಬಿಡುತ್ತಾರೆ. ಆ ಮೆಲ್ಲನೆಯ ‘ಥ್ಯಾಂಕ್ಸ್ ಸಾರ್’ ಅನ್ನು ನಾನು ಹೆಂಡತಿಯ ಮುಂದೆ ಅದೇ ರಾಗದಲ್ಲಿ ಅಂದು ತೋರಿಸುತ್ತೇನೆ. ‘ಅರವತ್ತಾಯ್ತು, ಇನ್ನೂ ಮಂಗಾಟ ಬಿಡ್ಲಿಲ್ವಲ್ರೀ’ ಎಂದು ಅವಳು ಒಳಗೆ ಹೋಗಿ ನಗುತ್ತಾಳೆ. ಎದುರಿಗೇ ನಕ್ಕರೆ ನಾನು ಕೆಡುತ್ತೇನೆಂದು ಅವಳ ನಂಬಿಕೆ.

ಮಂಗಾಟ ನನಗೆ ಚಿಕ್ಕಂದಿನಿಂದ ಬಂದದ್ದು. ಗೌರಿಬಿದನೂರಿನ ಶಾಲೆಯಲ್ಲಿ ಗಣಿತದ ಮೇಷ್ಟ್ರು ಸೀನುವುದನ್ನು ಅವರಿಗಿಂತ ಚೆನ್ನಾಗಿ ಸೀನಿ ತೋರಿಸಿ ಬೆಂಚಿನ ಮೇಲೆ ನಿಂತವನು ನಾನು. ಹುಟ್ಟಿಸಿದ ಅಪ್ಪ, ಪಾಠ ಹೇಳಿದ ಮೇಷ್ಟ್ರು, ಸಂಬಳ ಕೊಟ್ಟ ಅಧಿಕಾರಿ, ಯಾರನ್ನೂ ಬಿಟ್ಟವನಲ್ಲ. ಕನ್ನಡಿಯ ಮುಂದೆ ನಿಂತು ನನ್ನನ್ನೇ ನಾನು ಅಣಕಿಸಿಕೊಂಡದ್ದೂ ಉಂಟು. ಈಗಲೂ ಬುದ್ಧಿ ಹದಿನಾರರದ್ದು, ಮಂಡಿ ಮಾತ್ರ ಅರವತ್ತರದ್ದು. ಬಡ್ತಿಯ ಸುದ್ದಿಯನ್ನು ಈ ಬರಹದಲ್ಲಿ ಹುಡುಕಬೇಡಿ. ಒಮ್ಮೆ ಬಂತು. ಅದರಿಂದ ನನ್ನ ಕುರ್ಚಿಗೆ ಕೈಗಳು ಬಂದವು, ಅಷ್ಟೆ.

ಮೊದಲ ಕೆಲಸ ಗೌರಿಬಿದನೂರಿನಲ್ಲೇ ಸಿಕ್ಕಿತು. ಅಲ್ಲಿ ನನ್ನ ಮೇಲಿದ್ದವರು ರಾಮಕೃಷ್ಣಯ್ಯ ಎಂಬ ಹಿರಿಯ ಫಿಸಿಯೋ. ಕಡಿಮೆ ಮಾತಿನವರು. ಕೆಮ್ಮಿದರೂ ಒಂದೇ ಸಲ. ಮಿಲ್ಲಿನ ಕೆಲಸಗಾರನೊಬ್ಬ ಮಂಡಿನೋವು ಎಂದು ಬಂದಿದ್ದ. ಅವನು ಅತ್ತ ಹೋದದ್ದೇ ತಡ, ನಾನು ಹಜಾರದಲ್ಲಿ ಅವನಂತೆಯೇ ಕುಂಟುತ್ತಾ ನಡೆದು ನರ್ಸುಗಳನ್ನು ನಗಿಸುತ್ತಿದ್ದೆ. ತಿರುಗಿದರೆ ಹಿಂದೆ ರಾಮಕೃಷ್ಣಯ್ಯ. ಒಳಗೆ ಕರೆದು ಬಾಗಿಲು ಹಾಕಿದರು. ಕೆಲಸ ಹೋಯಿತು ಅಂದುಕೊಂಡೆ.

‘ಈಗ ಮಾಡು.’

‘ಸಾರ್, ತಪ್ಪಾಯ್ತು…’

‘ಮಾಡಯ್ಯ.’

ಮಾಡಿದೆ. ಕೋಣೆಯ ಆ ಗೋಡೆಯಿಂದ ಈ ಗೋಡೆಯವರೆಗೆ, ಅದೇ ಮಿಲ್ಲಿನ ಕೆಲಸಗಾರನಾಗಿ.

‘ಈಗ ನಿನಗೆ ಎಲ್ಲಿ ಹಿಡೀತಾ ಇದೆ?’

ನಾನು ಯೋಚಿಸಿದೆ. ಮಂಡಿ ಆರಾಮವಾಗಿತ್ತು. ‘ಬಲಗಡೆ ತೊಡೆ ಸಂದಿನಲ್ಲಿ ಸಾರ್, ಸೊಂಟದ ಕೀಲಿನ ಹತ್ರ.’

‘ಅವನಿಗೂ ಅಲ್ಲೇ ಕಣಯ್ಯ. ನೋವು ಮಂಡೀಲಿ ಕಾಣಿಸ್ಕೊಂಡಿದೆ, ತೊಂದರೆ ಮೇಲಿದೆ. ಅಣಕಿಸು, ಬೇಡ ಅನ್ನಲ್ಲ. ಬಾಗಿಲು ಹಾಕ್ಕೊಂಡು ಅಣಕಿಸು. ತಿಳ್ಕೊಳ್ಳೋಕೆ ಅಣಕಿಸು.’

‘ಸ್ವಲ್ಪ ನಗಬಹುದಾ ಸಾರ್?’

ಅವರು ಒಂದು ಸಲ ಕೆಮ್ಮಿದರು. ‘ಸ್ವಲ್ಪ.’

ನನ್ನ ವೃತ್ತಿಯ ಓದು ಆ ದಿನ ಶುರುವಾಯಿತು. ಮುಂದೆ ಶಿಡ್ಲಘಟ್ಟ, ಚಿಂತಾಮಣಿ ಅಂತ ವರ್ಗವಾಗುತ್ತಾ ಹೋದ ಹಾಗೆ ಪ್ರತಿ ಊರಿನ ನಡಿಗೆಯನ್ನೂ ಮೈಗೆ ಹಾಕಿಕೊಂಡೆ. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವ ಕಡೆ ಇಡೀ ದಿನ ಚರಕ ತಿರುಗಿಸುವವರಿಗೆ ಒಂದು ಭುಜ ಮುಂದೆ ಬಂದಿರುತ್ತದೆ. ಬಸ್ಸಿನಲ್ಲಿ ನಿಂತರೂ ಆ ಭುಜ ಇನ್ನೂ ಚರಕವನ್ನೇ ತಿರುಗಿಸುತ್ತಿರುವ ಹಾಗೆ ಕಾಣುತ್ತದೆ. ಚಿಂತಾಮಣಿ ಮಾರುಕಟ್ಟೆಯ ಹಮಾಲಿಗಳು ಬರಿಗೈಲಿ ಬಂದಾಗಲೂ ಬೆನ್ನಿನ ಮೇಲೆ ಮೂಟೆಗೆ ಜಾಗ ಬಿಟ್ಟುಕೊಂಡೇ ನಡೆಯುತ್ತಾರೆ. ಮೇಲೂರಿನ ಕಡೆಯ ಹೆಂಗಸರು ಹಿಪ್ಪುನೇರಳೆ ಸೊಪ್ಪಿನ ಹೊರೆ ಇಳಿಸಿ ವರ್ಷಗಳಾದರೂ ಕುತ್ತಿಗೆಯನ್ನು ನೇರ ಇಟ್ಟು, ಕಣ್ಣನ್ನು ಮಾತ್ರ ಹೊರಳಿಸಿ ನಿಮ್ಮನ್ನು ನೋಡುತ್ತಾರೆ. ಮಾಡುವ ಕೆಲಸ ಮನುಷ್ಯನ ಮೈಯಲ್ಲಿ ಉಳಿದುಬಿಡುತ್ತದೆ ಎಂದು ನಾನು ನಂಬಿದ್ದೆ. ಆ ನಂಬಿಕೆ ಬಹುಪಾಲು ನಿಜ. ನಿಜವಲ್ಲದ ಒಂದು ಕಡೆಯ ಕತೆಯೇ ನಾನು ಈಗ ಹೇಳಹೊರಟಿರುವುದು.

ಕೊನೆಯ ವರ್ಷಗಳನ್ನು ಕಳೆದದ್ದು ಚಿಕ್ಕಬಳ್ಳಾಪುರದ ಒಂದು ಆಸ್ಪತ್ರೆಯಲ್ಲಿ. ಮೊದಲು ನಮ್ಮ ವಿಭಾಗ ಒಂದು ಉದ್ದನೆಯ ಕಾರಿಡಾರಿನ ಕೊನೆಯಲ್ಲಿತ್ತು. ರೋಗಿ ನನ್ನ ಬಳಿ ಬರುವಷ್ಟರಲ್ಲಿ ಅವನ ಅರ್ಧ ಚರಿತ್ರೆ ನನಗೆ ತಿಳಿದಿರುತ್ತಿತ್ತು. ಆಮೇಲೆ ಹೊಸ ಯಂತ್ರಗಳು ಬಂದವು, ಹೊಸ ಕೋಣೆ ಬಂತು. ಬಾಗಿಲು ತೆರೆದರೆ ಎದುರಿಗೇ ಮಂಚ. ರೋಗಿಗಳು ಬಂದವರೇ ಮಲಗಿ, ‘ಕರೆಂಟ್ ಕೊಡಿ ಸಾರ್’ ಅನ್ನತೊಡಗಿದರು. ನಮ್ಮ ಚಿಕಿತ್ಸೆಗೆ ಈ ಸೀಮೆಯಲ್ಲಿ ಅದೇ ಹೆಸರು. ಯಂತ್ರಗಳ ಬಗ್ಗೆ ನನಗೆ ದೂರಿಲ್ಲ. ನಡೆಯುವುದನ್ನು ನೋಡದೆ ಮಲಗಿಸುವುದು ಮಾತ್ರ ನನಗೆ ಆಗಿಬರಲಿಲ್ಲ. ಅದಕ್ಕೇ ದಿಂಬಿನ ಬೀರುವನ್ನು ಎಳೆಸಿ ಕೋಣೆಯ ಆಚೆ ತುದಿಗೆ ಇಡಿಸಿದೆ. ಬಂದವರಿಗೆಲ್ಲ ಒಂದೇ ಮಾತು: ‘ಹೋಗಿ ನಿಮಗೊಂದು ದಿಂಬು ತಗೊಂಡು ಬನ್ನಿ.’ ಹೋಗುವಾಗ ಬೆನ್ನು ನೋಡುತ್ತಿದ್ದೆ, ಬರುವಾಗ ಮುಖ.

ಆಗಿನ ಸೂಪರಿಂಟೆಂಡೆಂಟರಿಗೆ ಇದು ಹಿಡಿಸಲಿಲ್ಲ. ಅವರದು ಹೊಟ್ಟೆ ಮೊದಲು ಬಂದು, ಅವರು ಆಮೇಲೆ ಬರುವ ನಡಿಗೆ.

‘ಏನ್ರೀ ಅಶ್ವತ್ಥ್, ರೋಗಿಗಳ ಕೈಲಿ ಕೆಲಸ ಮಾಡಿಸ್ತೀರಂತೆ?’

‘ಪರೀಕ್ಷೆ ಮಾಡ್ತೀನಿ ಸಾರ್.’

‘ದಿಂಬಿನಿಂದ ಪರೀಕ್ಷೆಯಾ!’ ಎಂದು ಅವರು ಬೀರು ಎಷ್ಟು ದೂರವಿದೆಯೆಂದು ತಾವೇ ನಡೆದು ನೋಡಿದರು. ‘ಸಾರ್, ನಿಮ್ಮ ಎಡ ಹಿಮ್ಮಡಿ ಬೆಳಿಗ್ಗೆ ಹೊತ್ತು ನೋಯುತ್ತಲ್ವಾ?’ ಅಂದೆ. ಅವರು ಆ ಕಡೆ ಈ ಕಡೆ ನೋಡಿ, ಬಾಗಿಲು ಹಾಕಿ, ಬೂಟು ಬಿಚ್ಚಿದರು. ಬೀರು ಇದ್ದಲ್ಲೇ ಉಳಿಯಿತು.

ನನ್ನ ಅಣಕಿಗೆ ಆಗ ಇದ್ದ ತೀರ್ಪುಗಾರ್ತಿ ಗಂಗಮ್ಮ. ನಮ್ಮ ವಿಭಾಗದ ಆಯಾ. ನಾನು ಬಾಗಿಲು ಹಾಕಿಕೊಂಡು ಯಾರನ್ನಾದರೂ ಆಡಿ ತೋರಿಸಿದರೆ, ಬೆಡ್‌ಶೀಟು ಮಡಿಸುತ್ತಲೇ, ‘ಇಲ್ಲ ಸಾ, ಆಯಮ್ಮ ಇನ್ನೂ ವಾಲ್ತದೆ’ ಎಂದು ತಿದ್ದುತ್ತಿದ್ದಳು. ಒಮ್ಮೆ ಕೇಳಿದಳು: ‘ಊರೋರ ನಡಿಗೆಯೆಲ್ಲ ಮಾಡ್ತೀರಲ್ಲ ಸಾ, ನಿಮ್ಮ ನಡಿಗೆ ಹೆಂಗೈತೆ ಅಂತ ಗೊತ್ತಾ?’

‘ನನ್ನದೇನಮ್ಮ, ನೆಟ್ಟಗಿದೆ.’

ಗಂಗಮ್ಮ ಬೆಡ್‌ಶೀಟಿನಲ್ಲಿ ಮುಖ ಮುಚ್ಚಿಕೊಂಡಳು.

ಹೀಗಿರುವಾಗ ಒಂದು ದಿನ ಮಧು ಬಂದ. ಚಿಂತಾಮಣಿ ಕಡೆ, ಅಂಬಾಜಿದುರ್ಗದ ಬೆಟ್ಟದ ಕೆಳಗಿನ ಒಂದು ಹಳ್ಳಿಯವನು. ಮನೆಯಲ್ಲಿ ಜಮೀನಿತ್ತು, ಹಿಪ್ಪುನೇರಳೆ ತೋಟವಿತ್ತು, ಮನೆಮಾತು ತೆಲುಗು. ಇವನಿಗೆ ಕರೆಂಟ್ ಆಫೀಸಿನಲ್ಲಿ ಲೈನ್‌ಮನ್ ಕೆಲಸ ಸಿಕ್ಕು ವರ್ಷ ತುಂಬಿತ್ತೋ ಇಲ್ಲವೋ. ಕಂಬದಿಂದ ಸ್ವಲ್ಪ ಜಾರಿದ್ದನಂತೆ, ಆವತ್ತಿನಿಂದ ಸೊಂಟನೋವು. ಹೊರಗಿನ ಯಾರೋ ಡಾಕ್ಟರು ಬೆನ್ನುಮೂಳೆಯ ಡಿಸ್ಕ್ ಜಾರಿರಬೇಕು ಎಂದು ಚೀಟಿ ಬರೆದು, ಶಾಖ ಮತ್ತು ವ್ಯಾಯಾಮಕ್ಕೆ ಕಳಿಸಿದ್ದರು.

‘ಮಲಗ್ಲಾ ಸಾರ್? ಕರೆಂಟ್ ಕೊಡ್ತೀರಂತೆ.’

‘ಕೊಡ್ತೀವಿ.’

‘ನಾವು ಇಡೀ ತಾಲ್ಲೂಕಿಗೆ ಕೊಡ್ತೀವಿ, ನಮಗೇ ನೀವು ಕೊಡ್ತೀರಾ? ಬಿಲ್ಲು ಯಾರ ಹೆಸರಿಗೆ ಸಾರ್?’

ಹುಡುಗ ನನ್ನ ಜಾತಿಯವನೇ ಎಂದು ಖುಷಿಯಾಯಿತು. ಜಾತಿ ಅಂದರೆ ಬಾಯಿಯ ಜಾತಿ. ‘ಮೊದಲು ಹೋಗಿ ದಿಂಬು ತಗೊಂಡು ಬಾ’ ಅಂದೆ.

ಹೋದ. ಗೋಡೆಯ ಮೇಲಿನ ಪೋಸ್ಟರುಗಳನ್ನು ಓದುವವನ ಹಾಗೆ ಗೋಡೆಯ ಪಕ್ಕದಲ್ಲೇ ಹೋದ. ಅರ್ಧ ದಾರಿಯಲ್ಲಿ ಎಡಗಾಲಿನ ಚಪ್ಪಲಿ ಕಳಚಿ ಹಿಂದೆಯೇ ಉಳಿಯಿತು. ಅವನು ನಿಲ್ಲಲಿಲ್ಲ. ಒಂದು ಕಾಲಲ್ಲಿ ಚಪ್ಪಲಿ, ಒಂದು ಕಾಲು ಬರಿಗಾಲು, ಹಾಗೇ ಬೀರುವಿನವರೆಗೆ ಹೋದ.

‘ಏನಪ್ಪಾ, ಚಪ್ಪಲಿ ಇಲ್ಲೇ ಬಿಟ್ಟು ಹೋದ್ಯಲ್ಲಾ!’ ಎಂದಳು ಗಂಗಮ್ಮ.

ಅವನು ಕಾಲನ್ನು ನೋಡಿಕೊಂಡ. ನೋಡಿದ ಮೇಲೇ ಅವನಿಗೆ ತಿಳಿದದ್ದು. ‘ಹೊಸ ಚಪ್ಪಲಿ ಕಣಮ್ಮ, ಲೂಸು’ ಅಂದ. ಆ ಚಪ್ಪಲಿಯ ಹಿಮ್ಮಡಿ ಸವೆದು ಹಾಳೆಯಾಗಿತ್ತು.

ಬೋರಲು ಮಲಗಿಸಿ ಅಂಗಿ ಸರಿಸಿದೆ. ಬೆನ್ನಿನ ಕೆಳಭಾಗದಲ್ಲಿ, ಬಲಗಡೆ, ಅಂಗೈ ಅಗಲದ ಒಂದು ಕೆಂಪು ಪಟ್ಟಿ. ಬೆನ್ನುಮೂಳೆಯಿಂದ ಹೊರಟು ಪಕ್ಕೆಯ ಕಡೆ ಬಾಗಿಕೊಂಡು ಹೋಗಿತ್ತು. ದ್ರಾಕ್ಷಿ ರಸ ಚೆಲ್ಲಿ ಒರೆಸಿದ ಬಣ್ಣ.

‘ಏನಪ್ಪ ಇದು?’

‘ಬೆಲ್ಟು ಸಾರ್. ಕಂಬದ ಮೇಲೆ ಅದೇ ತಾನೇ ನಮಗೆ ಅಪ್ಪ ಅಮ್ಮ. ಬಿಗಿಯಾಗಿ ಕಟ್ತೀನಿ.’

ಲೈನ್‌ಮನ್‌ಗಳ ಸೊಂಟದ ಮೇಲೆ ಬೆಲ್ಟು ಉಜ್ಜಿದ ಗುರುತನ್ನು ನಾನು ಬೇಕಾದಷ್ಟು ನೋಡಿದ್ದೆ. ಜಾಗವೂ ಅದೇ. ಕೆಲಸ ಮೈಯಲ್ಲಿ ಉಳಿಯುತ್ತದೆ ಎಂಬ ನನ್ನ ಸಿದ್ಧಾಂತಕ್ಕೆ ಇನ್ನೊಂದು ಸಾಕ್ಷಿ ಸಿಕ್ಕಿತು ಎಂದುಕೊಂಡೆ. ಚೀಟಿ ಬರೆದವರೂ ಬೆಲ್ಟೆಂದೇ ನಂಬಿದ್ದರಂತೆ. ಅವನ ಜೊತೆ ಕಂಬ ಹತ್ತುವವರೂ ಹಾಗೇ. ಅವನೂ ಹಾಗೇ ಹೇಳಿ ಹೇಳಿ ತಾನೇ ನಂಬಿಬಿಟ್ಟಿದ್ದ. ಕೆಂಪಗಿರುವ ಚರ್ಮದ ಮೇಲೆ ಶಾಖ ಕೊಡಬಾರದು ಎಂದು ರಾಮಕೃಷ್ಣಯ್ಯನವರು ತಲೆಗೆ ತುಂಬಿದ್ದರಿಂದ ಶಾಖದ ದೀಪ ಹಚ್ಚಲಿಲ್ಲ. ‘ಇವತ್ತು ಬರೀ ನೋಡ್ತೀನಿ, ನಾಳೆ ಬಾ’ ಎಂದು ಕಳಿಸಿದೆ.

ಅವನು ಹೋದ ಮೇಲೆ ಬಾಗಿಲು ಹಾಕಿದೆ. ಗಂಗಮ್ಮ ತೀರ್ಪುಗಾರ್ತಿಯ ಸ್ಟೂಲಿನಲ್ಲಿ ಕೂತಳು. ಡಿಸ್ಕ್‌ನವರ ನಡಿಗೆ ನನಗೆ ಕಂಠಪಾಠ. ಒಂದು ಪಕ್ಕಕ್ಕೆ ವಾಲಿ, ಹೆಜ್ಜೆ ಇಡುವ ಮುಂಚೆಯೇ ಮುಖ ಕಿವುಚಿ ನಡೆಯುತ್ತಾರೆ. ಹಾಗೆ ನಡೆದೆ.

‘ಅಲ್ಲ ಸಾ. ಆ ಹುಡುಗ ವಾಲಲಿಲ್ಲ.’

ನೆಟ್ಟಗೆ ನಡೆದೆ.

‘ಇಷ್ಟು ಸಲೀಸಾಗಿ ಇಲ್ಲ. ಕಟ್ಟಿಗೆ ಥರ ಇತ್ತು.’

ಎರಡೂ ಕಾಲು ಬಿಗಿದುಕೊಂಡೆ. ಬಿಗಿದ ತಕ್ಷಣ ಕಣ್ಣು ತಾನಾಗಿ ನೆಲಕ್ಕೆ ಹೋಯಿತು. ಪಾದ ಎಲ್ಲಿ ಬೀಳುತ್ತದೆಂದು ಕಣ್ಣಿನಿಂದಲೇ ತಿಳಿಯಬೇಕಾಯಿತು. ಕೈ ತಾನಾಗಿ ಗೋಡೆ ಹುಡುಕಿತು. ಅಲ್ಲಿಗೆ ನಿಂತುಬಿಟ್ಟೆ. ಇದರಲ್ಲಿ ಸೊಂಟನೋವು ಎಲ್ಲೂ ಇರಲಿಲ್ಲ.

‘ತಪ್ಪು ಸಾರ್.’

ಮಾತು ಬಂದದ್ದು ಕಿಟಕಿಯಿಂದ. ಮಧು. ನೋವಿಗೆಂದು ಕಟ್ಟಿಕೊಂಡಿದ್ದು, ಮಲಗುವಾಗ ಬಿಚ್ಚಿಟ್ಟು ಮರೆತಿದ್ದ ಸೊಂಟದ ಪಟ್ಟಿಯನ್ನು ತೆಗೆದುಕೊಂಡು ಹೋಗಲು ಬಂದವನು, ಸರಳು ಹಿಡಿದು ಎಲ್ಲ ನೋಡಿದ್ದ. ಗಂಗಮ್ಮ ಸ್ಟೂಲಿನಿಂದ ಎದ್ದೇ ಬಿಟ್ಟಳು. ಇಷ್ಟು ವರ್ಷದಲ್ಲಿ ರೋಗಿಯ ಕೈಗೆ ಸಿಕ್ಕಿಬಿದ್ದದ್ದು ಅದೇ ಮೊದಲು. ಬೈಸಿಕೊಳ್ಳಲು ಬೆನ್ನು ಗಟ್ಟಿ ಮಾಡಿಕೊಂಡೆ.

‘ಎಡಗಾಲು ಇನ್ನೂ ಎಳೀಬೇಕು ನೀವು’ ಅಂದ ಅವನು. ‘ಬೆಳಿಗ್ಗೆ ಇಷ್ಟು ಇರಲ್ಲ. ಸ್ವಲ್ಪ ದೂರ ನಡೆದ್ರೆ ಹಂಗಾಗ್ತದೆ. ಬೆರಳು ನೆಲಕ್ಕೆ ತಗಲ್ತದೆ. ಅಷ್ಟು ಮಾತ್ರ ನೀವು ಹಾಕ್ಲಿಲ್ಲ.’

‘ಒಳಗೆ ಬಾಪ್ಪ’ ಅಂದೆ.

ಬಂದು ಕೂತ. ಗಂಗಮ್ಮ ನಾನು ಹೇಳದೆಯೇ ಹೊರಗೆ ಹೋಗಿ ಬಾಗಿಲು ಎಳೆದುಕೊಂಡಳು.

‘ಎಷ್ಟು ದಿನದಿಂದ ಹೀಗೆ?’

‘ಕಂಬದಿಂದ ಜಾರೋಕೆ ಮುಂಚಿಂದ ಸಾರ್. ಕಾಲು ಹಿಂಗಾಗಿದ್ದಕ್ಕೇ ಜಾರಿದ್ದು.’ ತಗ್ಗಿದ ದನಿಯಲ್ಲಿ ಇನ್ನೊಂದನ್ನೂ ಹೇಳಿದ: ಮೂತ್ರ ಮಾಡಲು ನಿಂತರೆ ಬೇಗ ಬರುವುದಿಲ್ಲ. ‘ಯಾರಿಗೂ ಹೇಳ್ಬೇಡಿ ಸಾರ್. ಕೆಲಸ ಖಾಯಂ ಆಗೋಕೆ ಮುಂಚೆ ಮೆಡಿಕಲ್ ಐತೆ. ಕಾಲಿಲ್ಲದ ಲೈನ್‌ಮನ್‌ನ ಯಾರು ಇಟ್ಕೊಂತಾರೆ?’

‘ಮೇಲೆ ಕಾಲು ಕೈಕೊಟ್ರೆ?’

‘ಅದಕ್ಕೇ ಬೆಲ್ಟು ಅಷ್ಟು ಬಿಗಿ ಕಟ್ಟೋದು.’

ನಗಿಸಲು ಹೇಳಿದ ಮಾತು. ಇಬ್ಬರೂ ನಗಲಿಲ್ಲ. ‘ಮಧು, ಮೆಡಿಕಲ್‌ನೋರು ನೋಡೋದು ಆಮೇಲೆ. ಮೊದಲು ನಮ್ಮ ಮೇಡಂ ನೋಡ್ಲಿ’ ಎಂದು ಎಬ್ಬಿಸಿದೆ. ಅವನು ಕೂತಲ್ಲಿಂದ ಏಳಲು ಎರಡು ಕೈಗಳನ್ನೂ ಊರಿದ. ಅದನ್ನೂ ನಾನು ಅಣಕಿನಲ್ಲಿ ಹಾಕಿರಲಿಲ್ಲ.

ಡಾಕ್ಟರ್ ಶೈಲಜಾ ವಯಸ್ಸಿನಲ್ಲಿ ನನ್ನ ಮಗಳಷ್ಟು. ಮೇಜಿನ ಮೇಲೆ ಅಂಗೈ ಅಗಲದ ಬುದ್ಧನ ಮೂರ್ತಿ, ಕೈಯಲ್ಲಿ ಸದಾ ಟಿಕ್ ಟಿಕ್ ಅನ್ನುವ ಪೆನ್ನು, ಪ್ರತಿ ವಾಕ್ಯದ ಕೊನೆಗೆ ‘ಸರೀನಾ?’ ಅವರನ್ನು ಅಣಕಿಸುವುದು ಬಹಳ ಸುಲಭ. ಅವರಿಗೆ ಅದು ಗೊತ್ತಿತ್ತು. ನಾನು ಒಳಗೆ ಹೋದರೆ ಪೆನ್ನು ಕೆಳಗಿಟ್ಟುಬಿಡುತ್ತಿದ್ದರು.

ಮಾತಿನಲ್ಲಿ ಹೇಳಿದರೆ ಹೊತ್ತಾಗುತ್ತದೆಂದು ಮಧುವಿನ ಮುಂದೆಯೇ ಅವನ ನಡಿಗೆಯನ್ನು ನಡೆದು ತೋರಿಸಿದೆ. ಈ ಸಲ ಎಡಗಾಲನ್ನು ಇನ್ನೂ ಎಳೆದೆ. ಮೇಡಂ ಮೊದಲು ನಕ್ಕರು. ಆಮೇಲೆ ನಗು ನಿಂತಿತು.

‘ಇನ್ನೊಂದ್ಸಲ ಮಾಡಿ ಅಶ್ವತ್ಥ್ ಸಾರ್.’ ಮಾಡಿದೆ. ‘ಅವರು ಹೀಗೇ ನಡೀತಾರಾ?’

‘ಈಗ ಸರಿಯಾಗಿದೆ ಮೇಡಂ’ ಎಂದ ಮಧು. ‘ಪಾಸ್ ಮಾಡಿ.’

ಅವರು ಸುತ್ತಿಗೆ ತೆಗೆದು ಅವನ ಮಂಡಿಯ ಕೆಳಗೆ ಮೆಲ್ಲಗೆ ತಟ್ಟಿದರು. ಕಾಲು ಒದ್ದ ಹಾಗೆ ಮೇಲೆ ಹಾರಿತು. ಅಂಗಾಲಿನ ಮೇಲೆ ಕೀಲಿಕೈಯಿಂದ ಗೆರೆ ಎಳೆದರು. ಕೆಳಗೆ ಮಡಚಬೇಕಾದ ಹೆಬ್ಬೆರಳು ಮೇಲಕ್ಕೆದ್ದಿತು. ತೊಂದರೆ ಸೊಂಟದ ಡಿಸ್ಕಿನಲ್ಲಿಲ್ಲ, ಅದಕ್ಕಿಂತ ಮೇಲೆ ಬೆನ್ನುಹುರಿಯಲ್ಲಿದೆ ಎಂದು ಆ ಹೆಬ್ಬೆರಳು ಹೇಳಿತು. ಅಂಗಿ ಎತ್ತಿಸಿ ಬೆನ್ನು ನೋಡಿದರು.

‘ಇದೇನು?’

ನಾನು ಮಧು ಇಬ್ಬರೂ ಒಟ್ಟಿಗೆ ಹೇಳಿದೆವು: ‘ಬೆಲ್ಟು.’

ಅವರು ಪಟ್ಟಿಯ ಮೇಲೆ ಕೈಯ ಹಿಂಭಾಗ ಇಟ್ಟರು. ಆಮೇಲೆ ಎಡಗಡೆ ಇಟ್ಟರು. ‘ಇಲ್ಲಿ ಬಿಸಿ ಜಾಸ್ತಿ ಇದೆ. ಬೆಲ್ಟು ಸುತ್ತಲೂ ಬರುತ್ತೆ ಅಲ್ವಾ? ಇದು ಬಲಗಡೆ ಮಾತ್ರ ಇದೆ, ಬೆನ್ನುಮೂಳೆ ಹತ್ರ ಬಂದು ನಿಂತುಬಿಟ್ಟಿದೆ. ಸ್ವಲ್ಪ ಕೆಮ್ಮಿ ನೋಡೋಣ, ಸರೀನಾ?’

ಮಧು ಕೆಮ್ಮಿದ. ಪಟ್ಟಿಯ ಕೆಂಪು ಗಾಢವಾಗಿ ಮತ್ತೆ ಇಳಿಯಿತು. ನನ್ನ ಸಿದ್ಧಾಂತವೂ ಅದರ ಜೊತೆಗೇ ಇಳಿಯಿತು. ಚರ್ಮ ಉಜ್ಜಿದ ಗುರುತು ಕೆಮ್ಮಿಗೆ ಬಣ್ಣ ಬದಲಿಸುವುದಿಲ್ಲ.

‘ಮನೇಲಿ ಯಾರಿದ್ದಾರೆ?’ ಎಂದು ಕೇಳಿ ಅವನ ತಾಯಿಗೆ ಫೋನು ಹಚ್ಚಿಸಿದರು. ಸ್ಪೀಕರಿನಲ್ಲಿ ನಾರಾಯಣಮ್ಮನವರ ದನಿ, ಹಿಂದೆ ಹಸುವಿನ ದನಿ.

‘ಅಮ್ಮಾ, ನಿಮ್ಮ ಮಗನ ಬೆನ್ನ ಮೇಲೆ ಕೆಂಪಗಿದೆಯಲ್ಲ, ಅದು ಯಾವಾಗಿಂದ ಇದೆ?’

‘ಅದಾ ತಾಯೀ, ಅದು ಪುಟ್ಟುಮಚ್ಚ. ಹುಟ್ಟಿದಾಗ್ಲಿಂದ ಐತೆ. ಮೊದ್ಲು ಇಷ್ಟು ಕೆಂಪಿರ್ಲಿಲ್ಲ.’

‘ಬೆಲ್ಟು ಅಂತಾರಲ್ಲಾ ಇವರು?’

‘ಬೆಲ್ಟೆಂಥದು! ತೊಟ್ಟಿಲಲ್ಲಿರೋವಾಗ ಬೆಲ್ಟು ಯಾರಮ್ಮ ಕಟ್ಟಿದ್ರು?’

ಮಧು ತಲೆ ಕೆರೆದುಕೊಂಡ. ಚಿಕ್ಕಂದಿನಲ್ಲಿ ಕೆರೆಗೆ ಈಜಲು ಹೋದಾಗ ಹುಡುಗರು ರೇಗಿಸುತ್ತಿದ್ದರಂತೆ. ಅಂದಿನಿಂದ ಬನಿಯನ್ ಬಿಚ್ಚಿದವನಲ್ಲ. ಕೆಲಸಕ್ಕೆ ಸೇರಿದ ಮೇಲೆ ಬೆಲ್ಟಿನ ನೆಪ ಸಿಕ್ಕಿತು. ತನ್ನ ಬೆನ್ನನ್ನು ತಾನು ನೋಡಿಕೊಳ್ಳುವುದೂ ಕಷ್ಟ. ನೆಪವೇ ನಿಜವಾಗಿ ಕೂತುಬಿಟ್ಟಿತು.

ಮೇಡಂ ಕಾಗದದ ಮೇಲೆ ಚಿತ್ರ ಬರೆದು ವಿವರಿಸಿದರು. ಗರ್ಭದಲ್ಲಿ ಮೈ ರೂಪುಗೊಳ್ಳುವಾಗ ಚರ್ಮದ ಒಂದು ಪಟ್ಟಿ, ಅದೇ ಮಟ್ಟದ ಬೆನ್ನುಮೂಳೆ, ಅದೇ ಮಟ್ಟದ ಬೆನ್ನುಹುರಿ ಒಂದೇ ಕಂತಿನಲ್ಲಿ ಆಗುತ್ತವೆ. ಬಹಳ ಅಪರೂಪಕ್ಕೆ ಆ ಇಡೀ ಕಂತಿನ ರಕ್ತನಾಳಗಳೇ ತಪ್ಪಾಗಿ ಹೆಣೆದುಕೊಳ್ಳುತ್ತವೆ. ಹೊರಗೆ ಮಚ್ಚೆಯಾಗಿ ಕಾಣುತ್ತದೆ, ಒಳಗೆ ಬೆನ್ನುಹುರಿಯ ಮೇಲೆ ಗಂಟು ಇರಬಹುದು. ಜೋರಾಗಿ ಬರುವ ರಕ್ತ, ನಡುವೆ ಸಣ್ಣ ನಾಳಗಳಲ್ಲಿ ಹರಡಿ ನಿಧಾನವಾಗದೆ, ನೇರವಾಗಿ ಹಿಂತಿರುಗುವ ನಾಳಕ್ಕೆ ನುಗ್ಗುತ್ತದೆ.

ಮಧು ಚಿತ್ರವನ್ನೇ ನೋಡುತ್ತಿದ್ದ. ‘ಹೈಟೆನ್ಷನ್ ಲೈನನ್ನ ಟ್ರಾನ್ಸ್‌ಫಾರ್ಮರ್ ಇಲ್ದೆ ಮನೆಗೆ ಕೊಟ್ಟಂಗೆ ಮೇಡಂ.’

ಮೇಡಂ ಪೆನ್ನು ಟಿಕ್ ಅನ್ನಿಸಿದರು. ‘ಹಾಗೇ. ಮನೆ ಸುಟ್ಟುಹೋಗೋಕೆ ಮುಂಚೆ ಲೈನು ತೆಗೀಬೇಕು. ಇನ್ಮೇಲೆ ಕಂಬ ಹತ್ತಬಾರದು, ಭಾರ ಎತ್ತಬಾರದು. ನಾಳೆಯೇ ಬೆಂಗಳೂರಿಗೆ ಹೋಗಿ. ಸ್ಕ್ಯಾನ್ ಆದಮೇಲೆ ಖಚಿತವಾಗಿ ಹೇಳಬಹುದು, ಸರೀನಾ?’

‘ಕೆಲಸ ಮೇಡಂ?’

‘ಕಾಲು ಮೊದಲು.’

‘ಕೆಲಸ ಇಲ್ದಿರೋ ಕಾಲು ಏನು ಮಾಡ್ಲಿ ಮೇಡಂ?’

‘ದಿಂಬು ತಂದುಕೊಡು, ಅಷ್ಟು ಸಾಕು ನನಗೆ’ ಅಂದೆ. ಅವನು ಸ್ವಲ್ಪ ನಕ್ಕ. ಹೋಗುತ್ತೇನೆಂದು ಒಪ್ಪಿಕೊಂಡ.

ಮರುದಿನ ಮಗನನ್ನು ಕರೆದೊಯ್ಯಲು ನಾರಾಯಣಮ್ಮ ಬಂದರು. ಕಾಗದಪತ್ರ ಕೈಗೆ ಬಂದ ಮೇಲೂ ಏಳಲಿಲ್ಲ. ‘ಅಮ್ಮಾ, ಒಂದು ಮಾತು. ಇವನು ಹೊಟ್ಟೇಲಿದ್ದಾಗ ಗ್ರಹಣ. ರೇಷ್ಮೆ ಹುಳಕ್ಕೆ ಸೊಪ್ಪಿರಲಿಲ್ಲ, ನಾನು ಕೊಯ್ಯೋಕೆ ಹೋದೆ. ಬೇಡ ಅಂತ ನಮ್ಮತ್ತೆ ಬಡ್ಕೊಂಡ್ರು. ಅದಕ್ಕೇನಾ?’ ಇಷ್ಟು ವರ್ಷ ಬನಿಯನ್ನಿನ ಕೆಳಗೆ ಮಗ ಮುಚ್ಚಿಟ್ಟಿದ್ದನ್ನು ಆಕೆ ಬೇರೆ ಕಡೆ ಮುಚ್ಚಿಟ್ಟಿದ್ದರು.

ಮೇಡಂ ಎದ್ದು ಬಂದು ಅವರ ಪಕ್ಕದಲ್ಲಿ ಕೂತರು. ‘ಅಮ್ಮಾ, ಗ್ರಹಣಕ್ಕೂ ಇದಕ್ಕೂ ಏನೂ ಸಂಬಂಧ ಇಲ್ಲ. ನೀವು ಬಸುರಿ ಅಂತ ನಿಮಗೇ ಗೊತ್ತಾಗೋ ಹೊತ್ತಿಗೆ ಇದು ಒಳಗೆ ಆಗಿಹೋಗಿರುತ್ತೆ. ಸೊಪ್ಪು ಕೊಯ್ದು ಹುಳ ಉಳಿಸಿದ್ರಿ, ಅಷ್ಟೇ ನೀವು ಮಾಡಿದ್ದು.’ ಆ ಸಲ ‘ಸರೀನಾ’ ಅನ್ನಲಿಲ್ಲ. ನಾರಾಯಣಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, ‘ಹೋಗಣ ಬಾರೋ’ ಎಂದು ಮಗನ ತೋಳು ಹಿಡಿದರು.

ಅವರು ಅತ್ತ ಹೋದರೆ, ಇತ್ತ ನನಗೆ ಮಚ್ಚೆಯ ಹುಚ್ಚು ಹಿಡಿಯಿತು. ಬಂದವರ ಬೆನ್ನಿನ ಮೇಲೆಲ್ಲ ಕಣ್ಣು. ಹೆಂಡತಿಯ ಕತ್ತಿನ ಮಚ್ಚೆಯನ್ನು ಟಾರ್ಚು ಹಾಕಿ ನೋಡಿ, ‘ಕೆಮ್ಮು ನೋಡೋಣ’ ಎಂದು ಬೈಸಿಕೊಂಡೆ. ಮೂವರನ್ನು ಮೇಡಂ ಬಳಿಗೆ ಕಳಿಸಿದ ಮೇಲೆ ಅವರೇ ಕರೆಸಿದರು. ‘ಅಶ್ವತ್ಥ್ ಸಾರ್, ನೂರಾರು ಜನಕ್ಕೆ ಮಚ್ಚೆ ಇರುತ್ತೆ. ಬಹುಪಾಲು ಬರೀ ಮಚ್ಚೆ. ಬೆನ್ನ ಮೇಲೆ ಹುಟ್ಟಿನಿಂದ ಇಂಥ ಕೆಂಪು ಪಟ್ಟಿ ಇದ್ದು, ಕಾಲಿನ ಬಲ, ಸ್ಪರ್ಶ, ಮೂತ್ರ ಇವುಗಳಲ್ಲಿ ತೊಂದರೆನೂ ಇದ್ರೆ ಆಗ ಓಡಿ ಬನ್ನಿ. ನಿಮ್ಮ ಕಣ್ಣು ಕಾಲಿನ ಮೇಲಿರಲಿ, ಸರೀನಾ?’ ಹೊಸಬರು ಇದನ್ನು ನನ್ನ ಎರಡನೆಯ ಸಲಹೆ ಎಂದು ಇಟ್ಟುಕೊಳ್ಳಬಹುದು. ಮಾತು ನನ್ನದಲ್ಲ, ಹಾಗಾಗಿ ಧೈರ್ಯವಾಗಿ ನಂಬಬಹುದು.

ಬೆಂಗಳೂರಿನಲ್ಲಿ ಸ್ಕ್ಯಾನು ಮೇಡಂ ಹೇಳಿದ್ದನ್ನೇ ಹೇಳಿತು. ಮಚ್ಚೆಯ ಮಟ್ಟದಲ್ಲೇ, ಬೆನ್ನುಹುರಿಯ ಮೇಲೆ ನಾಳಗಳ ಗೋಜಲು. ತೊಡೆ ಸಂದಿನ ರಕ್ತನಾಳದಿಂದ ಕೂದಲಿನಂಥ ಕೊಳವೆ ಕಳಿಸಿ, ಗೋಜಲಿನೊಳಗೆ ಅಂಟು ತುಂಬಿ ಮುಚ್ಚಿದರು. ಒಂದೇ ಸಲಕ್ಕೆ ಆಗಲಿಲ್ಲ, ಮತ್ತೆ ಹೋಗಬೇಕಾಯಿತು. ಒಂದಿಷ್ಟನ್ನು ಮುಟ್ಟದೆ ಬಿಟ್ಟರು. ಅಲ್ಲಿ ಕೈ ಹಾಕಿದರೆ ಇರುವ ಕಾಲೂ ಹೋಗಬಹುದಿತ್ತು. ಆಗಾಗ ಹೋಗಿ ತೋರಿಸಿಕೊಂಡು ಬರಬೇಕು ಎಂದು ಕಳಿಸಿದರು.

ಅಷ್ಟರಲ್ಲಿ ಕಾಲು ಇನ್ನಷ್ಟು ಸೋತಿತ್ತು; ಮಧು ಮತ್ತೆ ನನ್ನ ಬಳಿಗೆ ಬಂದದ್ದು ಗಾಲಿಕುರ್ಚಿಯಲ್ಲಿ. ಬಾಯಿ ಮಾತ್ರ ನಡೆಯುತ್ತಿತ್ತು. ‘ಸಾರ್, ದಿಂಬಿನ ಬೀರು ಇನ್ನೂ ಸ್ವಲ್ಪ ಹತ್ರ ತರಬಾರದಾ?’ ‘ಬೇಕಾದ್ರೆ ಇನ್ನೂ ದೂರ ತಳ್ಳಿಸ್ತೀನಿ’ ಅಂದೆ. ಮೊದಲ ವಾರ ಎರಡು ಕಂಬಿಗಳ ನಡುವೆ ನಿಂತದ್ದೇ ನಡಿಗೆ. ಕೆಲವು ದಿನ ಅವನಿಗೆ ಮಾತೂ ಬರುತ್ತಿರಲಿಲ್ಲ. ಅಂಥ ದಿನ ನಾನು ಸೂ‌ಪರಿಂಟೆಂಡೆಂಟರ ಹೊಟ್ಟೆಯನ್ನು ನಡೆಸಿ ತೋರಿಸುತ್ತಿದ್ದೆ. ಆಮೇಲೆ ವಾಕರು, ಆಮೇಲೆ ಕೋಲು. ಗಂಗಮ್ಮ ಬೀರುವಿನ ಬಳಿ ನಿಂತು, ‘ಬಾರಪ್ಪ, ಬಾರಪ್ಪ, ಇಲ್ಲಿ ಎಲ್ಲಕ್ಕಿಂತ ಮೆತ್ತಗಿರೋ ದಿಂಬೈತೆ’ ಎಂದು ಕರೆಯುತ್ತಿದ್ದಳು. ಒಂದು ಮಧ್ಯಾಹ್ನ ಅವನು ಅರ್ಧ ದಾರಿಯಲ್ಲಿ ನಿಂತ. ಸುಸ್ತಾಯಿತೇನೋ ಎಂದು ಓಡಿದೆ. ‘ಚಪ್ಪಲಿ ಜಾರ್ತಾ ಐತೆ ಸಾರ್’ ಅಂದ. ಕಾಲನ್ನು ನೋಡದೆಯೇ ಅಂದ. ಗಂಗಮ್ಮನೂ ನಾನೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಆ ದಿನ ನಮ್ಮ ವಿಭಾಗದಲ್ಲಿ ಎಲ್ಲರಿಗೂ ಕಾಫಿ.

ಕಂಬ ಹತ್ತುವ ಕೆಲಸ ಹೋಯಿತು. ಮೇಡಂ ಬರೆದುಕೊಟ್ಟದ್ದನ್ನು ನೋಡಿ ಅವನ ಆಫೀಸಿನವರು ಸಬ್‌ಸ್ಟೇಷನ್ನಿನಲ್ಲಿ ಕೂತು ನೋಡಿಕೊಳ್ಳುವ ಕೆಲಸಕ್ಕೆ ಹಾಕಿದರು. ಎಡಗಾಲಿನಲ್ಲಿ ಒಂದಿಷ್ಟು ಎಳೆತ ಉಳಿಯಿತು. ಗೊತ್ತಿಲ್ಲದವರಿಗೆ ಕಾಣದು. ನನಗೆ ಕಾಣುತ್ತದೆ.

ನನ್ನ ನಿವೃತ್ತಿಯ ದಿನ ನಮ್ಮ ಕೋಣೆಯಲ್ಲೇ ಸಣ್ಣ ಬೀಳ್ಕೊಡುಗೆ ಇಟ್ಟುಕೊಂಡಿದ್ದರು. ಮೇಡಂ ನಾಲ್ಕು ಮಾತಾಡಿದರು, ಪೆನ್ನು ಹಿಡಿಯದೆ. ನಾನು ಮಾತಾಡಲು ಎದ್ದರೆ ಗಂಗಮ್ಮ ತಡೆದಳು. ‘ಕೂತ್ಕೊಳ್ಳಿ ಸಾ. ಇಷ್ಟು ವರ್ಷ ನೀವು ಎಲ್ಲಾರ್ನೂ ಮಾಡಿದ್ರಿ. ಇವತ್ತು ನಿಮ್ಮದು.’

ಬಾಗಿಲ ಬಳಿಯಿಂದ ಮಧು ಎದ್ದ. ಕೋಲಿರಲಿಲ್ಲ. ಎಡಭುಜ ಕೆಳಗಿಳಿಸಿದ, ಕತ್ತನ್ನು ಆಮೆಯ ಹಾಗೆ ಮುಂದಕ್ಕೆ ತಂದ, ಎರಡೂ ಪಾದಗಳನ್ನು ಬಾತುಕೋಳಿಯ ಹಾಗೆ ಹೊರಕ್ಕೆ ತಿರುಗಿಸಿದ. ಬೀಗದ ಕೈ ಇದೆಯೋ ಇಲ್ಲವೋ ಎಂದು ಹೆಜ್ಜೆಗೊಮ್ಮೆ ಜೇಬು ತಟ್ಟಿಕೊಳ್ಳುತ್ತಾ ದಿಂಬಿನ ಬೀರುವಿನ ಕಡೆ ಹೊರಟ. ಕೋಣೆಯೆಲ್ಲ ನಕ್ಕಿತು. ಸೂಪರಿಂಟೆಂಡೆಂಟರ ಹೊಟ್ಟೆ ಎಲ್ಲರಿಗಿಂತ ಜಾಸ್ತಿ ನಕ್ಕಿತು. ಅದು ನಾನೇ ಎಂದು ನನಗೆ ತಿಳಿಯಲು ಒಂದೆರಡು ಹೆಜ್ಜೆ ಬೇಕಾಯಿತು.

ಆಮೇಲೆ ನಾನು ನನ್ನನ್ನು ನೋಡುವುದು ಬಿಟ್ಟು ಅವನ ಕಾಲನ್ನು ನೋಡತೊಡಗಿದೆ. ಇನ್ನೊಬ್ಬರ ನಡಿಗೆಯನ್ನು ನಡೆಯಬೇಕಾದರೆ ತನ್ನ ಕಾಲು ತನ್ನ ಮಾತು ಕೇಳಬೇಕು. ಹಿಮ್ಮಡಿ ಇಳಿಯಿತು, ಬೆರಳು ಎದ್ದಿತು. ಕಣ್ಣು ನೆಲದ ಮೇಲಿರಲಿಲ್ಲ, ಗೋಡೆಗೆ ಕೈ ಹೋಗಲಿಲ್ಲ. ಉಳಿದಿದ್ದ ಆ ಒಂದಿಷ್ಟು ಎಳೆತ ನನ್ನ ಬಾತುಕೋಳಿ ಹೆಜ್ಜೆಯೊಳಗೆ ಎಲ್ಲೋ ಸೇರಿಹೋಗಿತ್ತು. ಬೀರುವಿನಿಂದ ದಿಂಬು ತೆಗೆದು, ತಿರುಗಿ, ನನ್ನದೇ ನಡಿಗೆಯಲ್ಲಿ ಬಂದು ನನ್ನ ಮಡಿಲಿಗೆ ಹಾಕಿದ.

‘ಹೆಂಗಿತ್ತು ಸಾರ್? ಪಾಸಾ?’

ತಪ್ಪು ಹುಡುಕಲು ಅದರಲ್ಲಿ ಏನೂ ಇರಲಿಲ್ಲ. ನಾನು ದಿಂಬನ್ನು ಅವನ ಕೈಗೇ ವಾಪಸು ಕೊಟ್ಟೆ.

‘ತಪ್ಪು ಕಣಯ್ಯ’ ಅಂದೆ. ‘ಇನ್ನೊಂದ್ಸಲ ನಡಿ.’